ರಾಳದ ಹೊಗೆ

ಕಿವಿಯಂತ್ರ ರಿಪೇರಿಯ ಆ ಎರಡು ಕೋಣೆಯ ಅಂಗಡಿಯಲ್ಲಿ ಹೊರಗಿನ ಕೌಂಟರ್ ಗಂಡನದು, ಒಳಗಿನ ಮೇಜು ಹೆಂಡತಿಯದು. ಕೂದಲೆಳೆಯಂಥ ತಂತಿಗೆ ಬೆಸುಗೆ ಹಾಕುವುದರಲ್ಲಿ ಅವಳದು ಎತ್ತಿದ ಕೈ. ಬೆಸೆಯುವ ಜಾಗಕ್ಕೆ ಮೊದಲು ಇಷ್ಟೇ ಇಷ್ಟು ರಾಳದ ಫ್ಲಕ್ಸ್ ಸವರುವಳು. ಅದು ಲೋಹದ ಕಿಲುಬು ಬಿಡಿಸಿ, ಕರಗಿದ ತವರ ಸಲೀಸಾಗಿ ಹರಡುವಂತೆ ಮಾಡುತ್ತಿತ್ತು. ಕಾದ ಬೆಸುಗೆ ಕಡ್ಡಿ ತಾಗಿದೊಡನೆ ಬಿಳಿ ಹೊಗೆ ನೇರ ಅವಳ ಮೂಗಿಗೇ. "ಒಳಗೆ ರೈಲು ಹೊರಡ್ತು, ಇನ್ನು ಹತ್ತೇ ನಿಮಿಷ" ಎಂದು ಗಂಡ ಗಿರಾಕಿಗಳನ್ನು ನಗಿಸುತ್ತಿದ್ದ.

ಅಂಗಡಿ ಹಾಕಿದ ಹತ್ತೊಂಬತ್ತನೆಯ ವರ್ಷ ಅವಳಿಗೆ ಕೆಮ್ಮು ಗಂಟುಬಿತ್ತು. ಧೂಳಿಗಿರಬೇಕು ಅಂದುಕೊಂಡರು, ಚಳಿಗಿರಬೇಕು ಅಂದುಕೊಂಡರು. ಕೊನೆಗೆ ಡಾಕ್ಟರು ಒಂದೇ ಪ್ರಶ್ನೆ ಕೇಳಿದರು. "ರಜಾ ದಿನ ಕೆಮ್ಮು ಹೇಗಿರುತ್ತಮ್ಮ?"

ಅವಳು ಯೋಚಿಸಿದಳು. "ಅವತ್ತು ಬರೋದೇ ಇಲ್ಲ ಡಾಕ್ಟ್ರೇ."

"ಹಾಗಾದ್ರೆ ಆ ರಾಳದ ಹೊಗೆನೇ. ಇನ್ಮೇಲೆ ಒಂಚೂರೂ ಕುಡೀಬಾರದು."

ಗಂಡ ಮರುದಿನವೇ ರಾಳವಿಲ್ಲದ ಫ್ಲಕ್ಸ್ ತಂದ. ಬೆಸೆದ ಮೇಲೆ ನೀರಿನಲ್ಲಿ ತೊಳೆಯಬೇಕಾದ ಬಗೆ. ಅವಳು ಪುಟ್ಟ ಬ್ರಷ್ಷಿನಿಂದ ಉಜ್ಜಿ ತೊಳೆದಳು, ಒಣಗಿಸಿದಳು. ಕೆಮ್ಮು ತಗ್ಗಿತು. ಇಬ್ಬರೂ ನೆಮ್ಮದಿಯ ಉಸಿರು ಬಿಟ್ಟರು.

ಎರಡು ತಿಂಗಳಿಗೆ ಒಬ್ಬ ಮುದುಕ ದರ್ಜಿ, ಅವಳು ಬೆಸೆದುಕೊಟ್ಟಿದ್ದ ಕಿವಿಯಂತ್ರ ಹಿಡಿದು ಬಂದ. "ಮೊಮ್ಮಗಳು ಮಾತಾಡ್ತಾ ಇದ್ದಂಗೇ ನಿಂತುಹೋಯ್ತಮ್ಮ." ಅವಳು ಭೂತಗನ್ನಡಿಯಡಿ ಹಿಡಿದು ನೋಡಿದಳು. ಬ್ರಷ್ ತಲುಪದ ಸಂದಿಯಲ್ಲಿ ಫ್ಲಕ್ಸ್ ಉಳಿದು, ಹಸಿರುಗಟ್ಟಿ, ತಂತಿಯನ್ನೇ ತಿಂದುಹಾಕಿತ್ತು. ಆ ವಾರ ಇನ್ನೂ ನಾಲ್ಕು ವಾಪಸ್ ಬಂದವು.

"ಕೇಳಿಸೋ ಹಾಗೆ ಮಾಡ್ತೀವಿ ಅಂತ ಹೇಳಿ, ಇದ್ದದ್ದನ್ನೂ ಕಿತ್ಕೊಂಡ್ವಲ್ಲ ರೀ" ಎಂದಳು. ಅವಳ ಮುಖ ಸುಟ್ಟಂತಾಗಿತ್ತು.

ಕಿಟಕಿ ತೆರೆದಿಟ್ಟು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಅವಳು ಸಂದಿಯಲ್ಲಿ ಉಳಿದರೂ ತಂತಿ ತಿನ್ನದ ಆ ಹಳೆಯ ರಾಳದ ಡಬ್ಬಿಯ ಮುಚ್ಚಳ ತೆಗೆದಳು. ಗಂಡನಿಗೆ ಹೇಳಲಿಲ್ಲ. ಮೂರನೆಯ ದಿನ ದರ್ಜಿಯ ಕಿವಿಯಂತ್ರಕ್ಕೆ ಕೊನೆಯ ತಂತಿ ಬೆಸೆದು ಏಳುವಾಗ ಉಸಿರು ಕಟ್ಟಿತು. ಗಂಡ ಓಡಿ ಬರುವಷ್ಟರಲ್ಲಿ ತುಟಿ ನೀಲಿಗಟ್ಟಿತ್ತು.

ಹನ್ನೊಂದು ದಿನ ಆಸ್ಪತ್ರೆ. ಅವಳಿಗೆ ಮತ್ತೆ ಮಾತಾಡಲಾದ ದಿನ ಗಂಡ ಮಂಚದ ಅಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದ.

"ಮೊದಲನೇ ದಿನಾನೇ ವಾಸನೆ ಬಂದಿತ್ತು ಕಣೇ. ಕೆಲಸ ರಾಶಿ ಬಿದ್ದಿತ್ತು, ಸುಮ್ಮನಿದ್ದುಬಿಟ್ಟೆ."

"ಗೊತ್ತು" ಎಂದಳು ಅವಳು. "ಬಾಗಿಲ ಹತ್ರ ಬಂದು ನಿಂತು ಹೋದ್ರಲ್ಲ. ನಾನೂ ಸುಮ್ಮನಿದ್ದೆ."

ಆಮೇಲೆ ಇಬ್ಬರೂ ಜಾಗ ಬದಲಿಸಿಕೊಂಡರು. ನಡುವಿನ ಬಾಗಿಲು ಸದಾ ಮುಚ್ಚಿರುತ್ತದೆ. ಒಳಕೋಣೆಗೆ ಅವಳು ಕಾಲಿಡುವಂತಿಲ್ಲ. ಅಂಗಿಗೆ ಹತ್ತಿದ ಹೊಗೆಯ ವಾಸನೆಗೂ ಅವಳ ಎದೆ ಕಟ್ಟುತ್ತದೆ, ಹಾಗಾಗಿ ಅವನು ಅಂಗಿ ಬದಲಿಸಿಯೇ ಹೊರಗೆ ಬರುತ್ತಾನೆ. ಬೆಸೆದದ್ದನ್ನು ತಂದು ಅವಳ ಮುಂದಿಡುತ್ತಾನೆ.

"ಇದೇನ್ರೀ, ಬೆಸುಗೇನೋ ಗಡ್ಡೇನೋ?" ಎನ್ನುತ್ತಾಳೆ. ಬರಿಗೈಯನ್ನು ಗಾಳಿಯಲ್ಲಿ ಎತ್ತಿ, ಮಣಿಕಟ್ಟು ಮೆಲ್ಲನೆ ತಿರುಗಿಸಿ, "ಹೀಗೆ... ತಾಗಿಸಿ ತಕ್ಷಣ ತೆಗೀಬೇಕು" ಎಂದು ತೋರಿಸುತ್ತಾಳೆ.

ಅವನು ಆ ಕೈಯನ್ನೇ ನೋಡುತ್ತಾನೆ. ಮತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ.