ಒಯ್ಯದೆ ಹೋದವರ ಫೋಟೊ
ಘತ್ತರಗಿಯಲ್ಲಿ ಭಾಗ್ಯವಂತಿ ದೇವಿಯ ಭಕ್ತರ ಫೋಟೊ ತೆಗೆಯುವ ಚಂದ್ರಾಮಪ್ಪ ತನ್ನ ಹಳೆಯ ಲ್ಯಾಪ್‌ಟಾಪಿನ ಗುಂಡಿ ಒತ್ತಿದರೆ, ಅದು ಏಳುವುದರೊಳಗೆ ಭೀಮೆಯಲ್ಲಿ ಮುಳುಗು ಹಾಕಿ, ದರ್ಶನ ಮುಗಿಸಿ, ಚಹಾ ಕುಡಿದು ಬರುತ್ತಿದ್ದ. "ಅವಸರ ಮಾಡಬ್ಯಾಡ್ರಿ, ಮಷೀನ್ ಎಚ್ಚರಾಗಾಕತ್ತೈತಿ" ಎಂದು ಗಿರಾಕಿಗಳನ್ನು ಕೂಡ್ರಿಸುತ್ತಿದ್ದ. ಕಡೆಗೆ ಹಾರ್ಡ್ ಡಿಸ್ಕ್ ಕರಕರ ಎನ್ನತೊಡಗಿದಾಗ ಅದನ್ನು ಬದಲಿಸಲು ಅಫಜಲಪುರದ ರಿಪೇರಿ ಅಂಗಡಿಗೆ ಒಯ್ದ. ಹೊಸ ಡಿಸ್ಕ್ ಚುರುಕಾಗಿತ್ತು, ಆದರೆ ಚಿಕ್ಕದು. ಎಲ್ಲ ಫೋಟೊ ಅದರಲ್ಲಿ ಹಿಡಿಸುವಂತಿರಲಿಲ್ಲ. "ಕಾಕಾ, ತೆಗೆಸ್ಕೊಂಡು ಒಯ್ಯದ ಹೋದವರ ಫೋಟೊನ ಭಾಳ ಅದಾವ್ರಿ, ಅಳಸಲೇನ್ರಿ?" ಎಂದ ರಿಪೇರಿಯ ಸತೀಶಕುಮಾರ. "ಬ್ಯಾಡಪ್ಪ, ಅವರು ಬಂದು ಕೇಳಿದ್ರ?" ಎಂದ ಚಂದ್ರಾಮಪ್ಪ ಪರದೆಯನ್ನು ಬಹಳ ಹೊತ್ತು ನೋಡಿ, ತನ್ನ ಮಗಳ ಮದುವೆಯ ಫೋಟೊಗಳ ಮೇಲೆ ಬೆರಳಿಟ್ಟ. "ಇವನ್ನ ಅಳಸು. ಇವು ನನಗ ನೆನಪದಾವ."