ಹುಡುಗ, ಹುಡುಗಿ ಮತ್ತು ಎರಡು ಅಕ್ಷರ

ಸುಮತಿಯ ಜಾತಕದಲ್ಲಿ ದೋಷ ಇರಲಿಲ್ಲ. ದೋಷ ಇದ್ದದ್ದು ನಾನು ಬರೆದ ಪ್ರೋಗ್ರಾಮಿನಲ್ಲಿ. ಅದು ಗೊತ್ತಾದ ಮೇಲೂ ನಾನು ಬಾಯಿ ಬಿಡಲಿಲ್ಲ — ಇಲ್ಲ, ಹಾಗೆ ಹೇಳಿದರೆ ಅರ್ಧ ಸತ್ಯವಾಗುತ್ತದೆ. ಬಾಯಿ ಬಿಟ್ಟೆ, ಸುಳ್ಳು ಹೇಳುವುದಕ್ಕೆ ಬಿಟ್ಟೆ. ಅವಳ ಮದುವೆ ನಿಂತುಹೋಯಿತು, ಮತ್ತೆ ಆಗಲೇ ಇಲ್ಲ. ನಾನು ಮಾತ್ರ ಮದುವೆಯಾಗಿ, ಮಕ್ಕಳಿಗೆ ಗಣಿತ ಕಲಿಸಿ, ಒಳ್ಳೆಯ ಮೇಷ್ಟ್ರು ಎನ್ನಿಸಿಕೊಂಡು ನಿವೃತ್ತನಾದೆ.

ಸುಮತಿ ನನ್ನ ಗೆಳೆಯ ದಿನೇಶನ ತಂಗಿ. ಅವರ ತಂದೆ ಶೀನಣ್ಣನಿಗೆ ತೊಕ್ಕೊಟ್ಟಿನಲ್ಲಿ ಪಾತ್ರೆ ಅಂಗಡಿ. ದಿನೇಶ ನನ್ನ ಜೊತೆ ಕಾಲೇಜು ಓದಿ ಗಲ್ಫಿಗೆ ಹೋದವನು. ನಮ್ಮದು ಪುರೋಹಿತರ ಮನೆ, ನಂತೂರಿನ ಹತ್ತಿರ. ನನ್ನ ಅಪ್ಪ ಪೂಜೆಗೆ ಹೋಗುತ್ತಿದ್ದರು, ಜಾತಕ ನೋಡುತ್ತಿದ್ದರು. ನಾನು ಆಗಷ್ಟೇ ಕಾಲೇಜಿನಲ್ಲಿ ಗಣಿತ ಕಲಿಸಲು ಸೇರಿದ್ದೆ. ನಮ್ಮೆಲ್ಲರ ನಡುವೆ ನಡೆಯುವ ಮಾತು ತುಳು. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

ಒಂದು ರಜೆಯಲ್ಲಿ ಬಂದಾಗ ದಿನೇಶ ನನಗೊಂದು ಪೋರ್ಟಬಲ್ ಕಂಪ್ಯೂಟರ್ ತಂದುಕೊಟ್ಟ. ಕಂಪ್ಯೂಟರ್ ಎಂದರೆ ಏಸಿ ಕೋಣೆಯಲ್ಲಿ, ಚಪ್ಪಲಿ ಹೊರಗೆ ಬಿಟ್ಟು ನೋಡಬೇಕಾದ ದೇವರು ಎಂದಿದ್ದ ಕಾಲ ಅದು. ಇದೋ, ತೊಡೆಯ ಮೇಲೆ ಇಟ್ಟುಕೊಳ್ಳಬಹುದು! ನಾಲ್ಕು ಪೆನ್ ಸೆಲ್ ಹಾಕಿದರೆ ಸಾಕು. ಬೂದು ಬಣ್ಣದ ಸಣ್ಣ ಪರದೆ, ಅದರಲ್ಲಿ ಕೆಲವೇ ಸಾಲು. ಬರೆದದ್ದನ್ನು ಉಳಿಸಬೇಕಾದರೆ ಟೇಪ್ ರೆಕಾರ್ಡರಿಗೆ ವಯರು ಸಿಕ್ಕಿಸಿ ಕ್ಯಾಸೆಟ್ಟಿಗೆ ತುಂಬಬೇಕು. ಆ ಕ್ಯಾಸೆಟ್ಟನ್ನು ನನ್ನ ಅಮ್ಮ ಒಮ್ಮೆ ಭಜನೆಯೆಂದು ಹಾಕಿ, ಅದು ಕಿರ್‍ರೆಂದಾಗ ಹೆದರಿ ದೇವರ ಕೋಣೆಗೆ ಓಡಿದ್ದರು.

ಅದಕ್ಕೆ ಅರ್ಥವಾಗುತ್ತಿದ್ದ ಭಾಷೆ ಬೇಸಿಕ್. ಅದನ್ನು ನಾನು ಹುಚ್ಚು ಹಿಡಿದವನಂತೆ ಕಲಿತೆ. ದಿನೇಶ ಕಳಿಸುತ್ತಿದ್ದ ಹಳೆಯ ಪತ್ರಿಕೆಗಳಲ್ಲಿ ಪುಟದ ಮೂಲೆಗೆ ಸಣ್ಣ ಸಣ್ಣ ಸಲಹೆಗಳು ಇರುತ್ತಿದ್ದವು — ಜಾಗ ಉಳಿಸಬೇಕೇ, ಟಿಪ್ಪಣಿ ಸಾಲು ತೆಗೆಯಿರಿ. ಎರಡು ಆಜ್ಞೆಗಳ ನಡುವೆ ಕೋಲನ್ ಹಾಕಿ ಒಂದೇ ಸಾಲಿಗೆ ಸೇರಿಸಿ. ಸಾಲುಗಳಿಗೆ ಹತ್ತು, ಇಪ್ಪತ್ತು, ಮೂವತ್ತು ಎಂದು ನಂಬರು ಕೊಡಿ, ನಡುವೆ ಮರೆತದ್ದನ್ನು ತುರುಕಲು ಸ್ಥಳವಿರುತ್ತದೆ. ಕೊನೆಯದು ನನಗೆ ಬಹಳ ಇಷ್ಟವಾಗಿತ್ತು. ಬದುಕಿಗೂ ಹಾಗೆ ನಂಬರು ಕೊಡಲು ಬರುತ್ತಿದ್ದರೆ — ಇರಲಿ.

ಅಪ್ಪನಿಗಾಗಿ ನಾನು ಜಾತಕ ಕೂಡಿಸುವ ಪ್ರೋಗ್ರಾಮ್ ಬರೆದೆ. ಹುಡುಗನ ನಕ್ಷತ್ರ, ಹುಡುಗಿಯ ನಕ್ಷತ್ರ ಕೊಟ್ಟರೆ ಆಗುತ್ತದೆ, ಇಲ್ಲ ಎಂದು ಅದು ಹೇಳುತ್ತಿತ್ತು. ಅಪ್ಪ ಮೊದಲು ನಕ್ಕರು, ಆಮೇಲೆ ತಾವೇ ಲೆಕ್ಕ ಹಾಕಿ ಪರೀಕ್ಷಿಸಿದರು, ಆಮೇಲೆ ಬಂದವರಿಗೆಲ್ಲ ಹೇಳತೊಡಗಿದರು. "ನನ್ನ ಮಗನ ಮೆಷಿನ್ ಉಂಟು. ಪಂಚಾಂಗ ನುಂಗಿದೆ ಅದು!" ನಮ್ಮ ಜಗಲಿಯಲ್ಲಿ ಜನ ಸೇರತೊಡಗಿದರು. ಜಾತಕಕ್ಕಿಂತ ಹೆಚ್ಚಾಗಿ ಮೆಷಿನ್ ನೋಡಲು ಬರುತ್ತಿದ್ದರು. ನಾನಂತೂ ನೆಲದ ಮೇಲೆ ಕಾಲಿಡುತ್ತಿರಲಿಲ್ಲ.

ಆ ಪ್ರೋಗ್ರಾಮಿನಲ್ಲಿ ಹುಡುಗನ ನಕ್ಷತ್ರಕ್ಕೆ ಬಿ ಎಂದೂ ಹುಡುಗಿಯದಕ್ಕೆ ಜಿ ಎಂದೂ ಹೆಸರಿಟ್ಟಿದ್ದೆ. ಆಗ ಪತ್ರಿಕೆಯೊಂದರಲ್ಲಿ ಹೊಸ ಸಲಹೆ ಓದಿದೆ: ಒಂಟಿ ಅಕ್ಷರ ಬೇಡ, ಅರ್ಥವಿರುವ ಹೆಸರು ಕೊಡಿ, ಓದಿದವರಿಗೆ ತಿಳಿಯಲಿ. ಒಳ್ಳೆಯ ಸಲಹೆಯೇ. ನನಗೆ ಕನ್ನಡಾಭಿಮಾನ ಉಕ್ಕಿತು. ಇಂಗ್ಲಿಷ್ ಅಕ್ಷರದಲ್ಲೇ ಆದರೂ, ಒಂದಕ್ಕೆ ಹುಡುಗ ಎಂದೂ ಇನ್ನೊಂದಕ್ಕೆ ಹುಡುಗಿ ಎಂದೂ ಬರೆದೆ. ಓಡಿಸಿದಾಗ ಮೆಷಿನ್ ತಕರಾರು ಮಾಡಲಿಲ್ಲ. ಸಾಕು ಎಂದುಕೊಂಡೆ — ಉತ್ತರ ಸರಿಯೇ ಎಂದು ತಾಳೆ ನೋಡಲಿಲ್ಲ. ವಿದ್ಯಾರ್ಥಿಗಳು ಹಾಗೆ ಮಾಡಿದರೆ ಕಿವಿ ಹಿಂಡುತ್ತಿದ್ದವನು ನಾನು.

ಆ ದಿನಗಳಲ್ಲೇ ಅಪ್ಪನಿಗೆ ಕಣ್ಣಿನ ಆಪರೇಷನ್ ಆಗಿತ್ತು. ಎರಡೂ ಕಣ್ಣಿಗೆ ಕಟ್ಟು ಹಾಕಿಕೊಂಡು ಒಳಗಿನ ಕೋಣೆಯಲ್ಲಿ ಮಲಗಿದ್ದರು. ಒಂದು ಸಂಜೆ ಶೀನಣ್ಣ ಬಂದರು. ಸುಮತಿಗೆ ಒಂದು ಸಂಬಂಧ. ಹುಡುಗ ಸದಾನಂದ, ಪಣಂಬೂರಿನ ಬಂದರಿನಲ್ಲಿ ಕ್ರೇನ್ ವಿಭಾಗದಲ್ಲಿ ಕೆಲಸ. ನೋಡಿ ಆಗಿದೆ, ಇಬ್ಬರೂ ಒಪ್ಪಿದ್ದಾರೆ. ಒಪ್ಪಿದ್ದಾರೆ ಎಂದು ಹೇಳುವಾಗ ಶೀನಣ್ಣನ ಮುಖದಲ್ಲಿ ಸಣ್ಣ ನಗು ಇತ್ತು.

"ಹುಡುಗಿ ಬಾಯಿಬಿಟ್ಟು ಹೇಳ್ಲಿಕ್ಕೆ ಇಲ್ಲ ಮಾಷ್ಟ್ರೇ. ಆದ್ರೆ ಅವತ್ತಿನಿಂದ ಅಂಗಡಿಯಲ್ಲಿ ಗಿರಾಕಿಗೆ ಚಿಲ್ಲರೆ ತಪ್ಪಿ ಕೊಡ್ತಾಳೆ. ಒಮ್ಮೆ ಜಾತಕದ ಕೂಟ ನೋಡಿ ಹೇಳಿ, ಮುಗಿಸಿಬಿಡುವ."

ಅಪ್ಪ ಒಳಗಿನಿಂದಲೇ ಕೂಗಿದರು. "ಮೆಷಿನಿನಲ್ಲಿ ನೀನೇ ನೋಡಿ ಹೇಳು ಮಾರಾಯ."

ಸುಮತಿಯದು ರೋಹಿಣಿ. ಸದಾನಂದನದು ಉತ್ತರಾ. ಎರಡರ ನಂಬರನ್ನೂ ಒತ್ತಿದೆ. ಪರದೆಯ ಮೇಲೆ ಬಂತು: ನಾಡಿ ದೋಷ. ಗೊತ್ತಿಲ್ಲದವರಿಗೆ ಹೇಳುತ್ತೇನೆ — ನಕ್ಷತ್ರಗಳನ್ನು ಮೂರು ನಾಡಿಗಳಿಗೆ ಹಂಚಿದ್ದಾರೆ. ಇಬ್ಬರದೂ ಒಂದೇ ನಾಡಿಯಾದರೆ ಮದುವೆ ಕೂಡದು, ಪ್ರಾಣಕ್ಕೆ ಕೇಡು ಎನ್ನುತ್ತಾರೆ. ಉಳಿದೆಲ್ಲ ಕೂಡಿದರೂ ಇದೊಂದು ಕೂಡದಿದ್ದರೆ ನಮ್ಮ ಕಡೆ ಯಾರೂ ಮುಂದೆ ಹೋಗುವುದಿಲ್ಲ.

"ಆಗುವುದಿಲ್ಲ ಶೀನಣ್ಣ" ಎಂದೆ. ಸ್ವಲ್ಪ ಬೇಸರದಲ್ಲೇ ಹೇಳಿದೆ. ಆದರೆ ಮೆಷಿನನ್ನು ಅವರ ಕಡೆ ತಿರುಗಿಸಿ ತೋರಿಸದೆ ಬಿಡಲಿಲ್ಲ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಕೊಡೆ ತೆಗೆದುಕೊಂಡು ಹೊರಟರು. ಒಂದು ಲೋಟ ನೀರೂ ಕುಡಿಯಲಿಲ್ಲ.

ಸ್ವಲ್ಪ ಹೊತ್ತಿಗೆ ಅಪ್ಪನಿಗೆ ಗಂಜಿ ಉಣ್ಣಿಸುವಾಗ ಅವರು ಕೇಳಿದರು. "ಪಾಪ, ಶೀನ ಎಷ್ಟು ಆಸೆಯಲ್ಲಿ ಬಂದಿದ್ದ. ಯಾವ ನಕ್ಷತ್ರ ಅವರದ್ದು?"

"ಹುಡುಗಿ ರೋಹಿಣಿ. ಹುಡುಗ ಉತ್ತರಾ."

ಅಪ್ಪನ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣಿನ ಮೇಲೆ ಓಡಿತು. ಕಣ್ಣು ಕಟ್ಟಿದ್ದರೇನು — ಆ ಲೆಕ್ಕ ಅವರಿಗೆ ಕಣ್ಣಿನಲ್ಲಿ ಇರಲಿಲ್ಲ.

"ರೋಹಿಣಿ ಅಂತ್ಯ ನಾಡಿ, ಉತ್ತರಾ ಆದಿ ನಾಡಿ. ದೋಷ ಎಲ್ಲಿಂದ ಬಂತು? ಚಂದ ಆಗ್ತದಲ್ಲ ಇದು!"

ಆ ಕ್ಷಣ ನನಗೆ ಗೊತ್ತಾಯಿತು. ಎಲ್ಲಿ ತಪ್ಪಿದೆ ಎಂದು ಗೊತ್ತಿಲ್ಲ, ತಪ್ಪಿದೆ ಎಂದು ಗೊತ್ತಾಯಿತು. ಚಮಚ ಕೈಯಲ್ಲೇ ಇತ್ತು. ಶೀನಣ್ಣ ಇನ್ನೂ ನೇತ್ರಾವತಿಯ ಸೇತುವೆ ದಾಟಿರಲಿಕ್ಕೂ ಇಲ್ಲ. ಎದ್ದು ಒಂದು ಬಸ್ಸು ಹಿಡಿದಿದ್ದರೆ ಎಲ್ಲವೂ ಮುಗಿಯುತ್ತಿತ್ತು — ಸ್ವಲ್ಪ ನಗು, ಸ್ವಲ್ಪ ನಾಚಿಕೆ, ನನ್ನ ಮೆಷಿನಿನ ಮಾನ ಒಂದಿಷ್ಟು ಹೋಗುತ್ತಿತ್ತು, ಅಷ್ಟೇ. ಅದೇ ನನಗೆ ಬೇಡವಾಗಿತ್ತು. ಮರುವಾರ ಕಾಲೇಜಿನಲ್ಲಿ ಎಲ್ಲರ ಮುಂದೆ ಆ ಮೆಷಿನಿನ ಪ್ರದರ್ಶನ ಇಟ್ಟುಕೊಂಡಿದ್ದೆ.

"ಉತ್ತರಾ ಅಲ್ಲಪ್ಪ" ಎಂದೆ. "ಉತ್ತರಾಷಾಢ."

"ಹಾಗೆ ಹೇಳು ಮತ್ತೆ! ಅದೂ ಅಂತ್ಯ ನಾಡಿಯೇ. ಹಾಗಾದ್ರೆ ಕೂಡುವುದಿಲ್ಲ, ನಿನ್ನ ಮೆಷಿನ್ ಹೇಳಿದ್ದು ಸರಿ" ಎಂದರು ಅಪ್ಪ. ಬಾಯಿ ತೆರೆದರು, ನಾನು ಇನ್ನೊಂದು ಚಮಚ ಗಂಜಿ ಹಾಕಿದೆ.

ಆಷಾಢ — ಒಂದೇ ಪದ. ಎಷ್ಟು ಸಲೀಸಾಗಿ ಬಂತು ಅದು ಬಾಯಿಗೆ! ಯೋಚಿಸಿ ಹೇಳಿದ್ದಲ್ಲ. ಆದರೆ ಯಾವ ನಕ್ಷತ್ರ ಹೇಳಿದರೆ ಸುಳ್ಳು ನಿಲ್ಲುತ್ತದೆಂದು ನನ್ನೊಳಗಿನ ಯಾವುದೋ ಒಂದು ಅಷ್ಟರಲ್ಲಿ ಲೆಕ್ಕ ಹಾಕಿ ಮುಗಿಸಿತ್ತು.

ಮರುದಿನ ಬೆಳಿಗ್ಗೆ ಕಾಲೇಜಿಗೆ ರಜೆ ಹಾಕಿ ಕೂತೆ. ಮೆಷಿನಿನ ಜೊತೆ ಬಂದ ಪುಸ್ತಕವನ್ನು, ಮೊದಲೇ ಓದಬೇಕಾಗಿದ್ದದ್ದನ್ನು, ಆಗ ಓದಿದೆ. ಹೆಸರು ಎಷ್ಟು ಉದ್ದವಾದರೂ ಇಡಬಹುದು, ಆದರೆ ಈ ಯಂತ್ರ ನೋಡುವುದು ಮೊದಲ ಎರಡು ಅಕ್ಷರ ಮಾತ್ರ ಎಂದು ಒಂದು ಸಾಲು ಇತ್ತು. ಹುಡುಗ — ಎಚ್, ಯು. ಹುಡುಗಿ — ಎಚ್, ಯು. ಎರಡೂ ಅದಕ್ಕೆ ಒಂದೇ. ಮೊದಲು ಕೊಟ್ಟ ಹುಡುಗನ ನಕ್ಷತ್ರದ ಮೇಲೆ ಹುಡುಗಿಯ ನಕ್ಷತ್ರ ಹೋಗಿ ಕೂತಿತ್ತು. ಮೆಷಿನ್ ಸುಮತಿಯನ್ನು ಸುಮತಿಗೇ ಹೋಲಿಸಿ, ಇಬ್ಬರದೂ ಒಂದೇ ನಾಡಿ ಎಂದಿತ್ತು. ಹೆಸರುಗಳನ್ನು ಮತ್ತೆ ಬಿ, ಜಿ ಮಾಡಿ ಓಡಿಸಿದೆ. ರೋಹಿಣಿಗೆ ಉತ್ತರಾ ಕೂಡಿಬಂತು.

ಆಗಲೂ ತಡವಾಗಿರಲಿಲ್ಲ. ನಾನು ಮಾಡಿದ್ದು, ಸರಿಯಾದ ಪ್ರೋಗ್ರಾಮನ್ನು ಕ್ಯಾಸೆಟ್ಟಿಗೆ ತುಂಬಿ ತೆಗೆದಿಟ್ಟದ್ದು.

ಇನ್ನೊಂದು ಉಂಟು. ಇದನ್ನು ಬರೆಯುವುದಕ್ಕೇ ಇಷ್ಟು ಸುತ್ತು ಬಳಸಿ ಬಂದೆನೇನೋ. ಆ ಭಾನುವಾರ ಸದಾನಂದ ನಮ್ಮ ಮನೆಗೆ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬೆವರಿದ ಮುಖ. ಜಗಲಿ ಹತ್ತಲಿಲ್ಲ, ಅಂಗಳದಲ್ಲೇ ನಿಂತ.

"ಮಾಷ್ಟ್ರೇ, ಬೇಜಾರು ಮಾಡ್ಬೇಡಿ. ಇನ್ನೊಮ್ಮೆ ಅದರಲ್ಲಿ ನೋಡ್ಬಹುದಾ? ನೀವು ಆಗ್ತದೆ ಅಂದ್ರೆ ನಾನು ಮನೆಯಲ್ಲಿ ಒಪ್ಪಿಸ್ತೇನೆ."

ಸರಿಪಡಿಸಿದ ಮೆಷಿನ್ ಒಳಗೆ ಮೇಜಿನ ಮೇಲಿತ್ತು. ನಾನು ಹೇಳಿದೆ:

"ಎಷ್ಟು ಸಲ ನೋಡಿದರೂ ಅದೇ ಬರ್ತದೆ."

ಅವನು ತಲೆಯಾಡಿಸಿದ. "ಥ್ಯಾಂಕ್ಸ್" ಎಂದ. ಥ್ಯಾಂಕ್ಸ್ ಎಂದ ನನಗೆ! ಗೇಟು ಹಾಕಿಕೊಂಡು ಹೋದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾಡಿ ದೋಷ ಇಬ್ಬರ ನಡುವಿನದು, ಒಬ್ಬರದಲ್ಲ. ಆದರೆ ಊರ ಬಾಯಿಗೆ ಆ ಸೂಕ್ಷ್ಮ ಬೇಕೇ? ತೊಕ್ಕೊಟ್ಟಿನಲ್ಲಿ ಅದು 'ಹುಡುಗಿಗೆ ದೋಷ ಉಂಟಂತೆ' ಎಂದಾಯಿತು. 'ಕಂಪ್ಯೂಟರೇ ಹೇಳಿದೆಯಂತೆ' ಎಂದಾಯಿತು. ಭಟ್ಟರು ಹೇಳಿದ್ದರೆ ಇನ್ನೊಬ್ಬ ಭಟ್ಟರ ಹತ್ತಿರ ಹೋಗುತ್ತಿದ್ದರು. ಕಂಪ್ಯೂಟರಿನ ಮೇಲೆ ಅಪೀಲು ಇರಲಿಲ್ಲ. ಬಂದ ಸಂಬಂಧಗಳು ಅಂಗಡಿಯ ಮೆಟ್ಟಿಲಿನಿಂದಲೇ ತಿರುಗಿದವು. ಆಮೇಲೆ ಬರುವುದೂ ನಿಂತಿತು. ಸದಾನಂದನಿಗೆ ಬೇರೆ ಕಡೆ ಮದುವೆಯಾಯಿತು. ಅಪ್ಪ ಏನೂ ತಿಳಿಯದೆ ತೀರಿಕೊಂಡರು, ಶೀನಣ್ಣನೂ ಹೋದರು. ಅಂಗಡಿಯನ್ನು ಸುಮತಿಯೇ ನಡೆಸಿದಳು, ನಡೆಸುತ್ತಿದ್ದಾಳೆ. ನಾನು ಆ ದಾರಿಯಲ್ಲಿ ಹೋಗುವಾಗ ಬಸ್ಸಿನ ಇನ್ನೊಂದು ಬದಿಯಲ್ಲಿ ಕೂರುತ್ತಿದ್ದೆ.

ಜಾತಕವೇ ಸುಳ್ಳಾದರೆ ನನ್ನ ತಪ್ಪು ಎಷ್ಟರದ್ದು ಎಂದು ಎಷ್ಟೋ ಸಲ ನನ್ನನ್ನೇ ಸಮಾಧಾನ ಮಾಡಿಕೊಂಡಿದ್ದೇನೆ. ನಾನು ಜಾತಕ ನಂಬುವವನಲ್ಲ, ಆಗಲೂ ನಂಬುತ್ತಿರಲಿಲ್ಲ. ಆದರೆ ಅವರು ನಂಬಿದ್ದರು, ಮತ್ತು ನನ್ನನ್ನು ನಂಬಿದ್ದರು. ನಂಬದವನು ನಂಬಿದವರ ಮುಂದೆ ಕೂತು ಇಲ್ಲ ಎಂದದ್ದು — ಅದು ಇನ್ನೂ ಕೆಟ್ಟದ್ದು.

ಕಳೆದ ವಾರ ಸುಮತಿ ಮನೆಗೆ ಬಂದಳು. ಕೂದಲು ನೆರೆತಿದೆ, ನಗು ಹಾಗೆಯೇ ಇದೆ. ದಿನೇಶನ ಮಗಳು ಯಾರನ್ನೋ ಮೆಚ್ಚಿದ್ದಾಳೆ. ಅವರಿಬ್ಬರ ಜಾತಕ ಸುಮತಿಯ ಬ್ಯಾಗಿನಲ್ಲಿತ್ತು.

"ಮೊಬೈಲಿನಲ್ಲಿ ನೋಡಿದೆ ಮಾಷ್ಟ್ರೇ. ಒಂದು ಆಪ್ ಆಗ್ತದೆ ಹೇಳ್ತದೆ, ಒಂದು ಆಗುವುದಿಲ್ಲ ಹೇಳ್ತದೆ. ನಿಮ್ಮ ಆ ಹಳೆಯ ಮೆಷಿನ್ ಉಂಟಲ್ಲ, ಅದರಲ್ಲೇ ನೋಡಿ. ಅದು ಇಲ್ಲ ಅಂದ್ರೆ ಇಲ್ಲ. ಹುಡುಗಿ ಎರಡು ದಿನ ಕಣ್ಣೀರು ಹಾಕಿಯಾಳು, ಮತ್ತೆ ಸರಿ ಆಗ್ತದೆ. ನಾನು ಬಿಡ್ಲಿಲ್ಲವಾ?"

ಅದನ್ನು ಕೇಳಿದ ಮೇಲೆ ನನ್ನಿಂದ ತಡೆಯಲಾಗಲಿಲ್ಲ. ಹೇಳಿದೆ. ಎರಡು ಅಕ್ಷರದ ವಿಷಯ ಹೇಳಿದೆ. ಅವಳು ಮೊದಲು ನಕ್ಕೇಬಿಟ್ಟಳು.

"ಹುಡುಗ, ಹುಡುಗಿ ಒಂದೇ ಅಂತಾ ಅದಕ್ಕೆ? ಅಯ್ಯೋ ದೇವರೇ."

ಆಮೇಲೆ ನಗು ನಿಂತಿತು. ಸೀರೆಯ ಸೆರಗನ್ನು ಮಡಿಚಿದಳು, ಬಿಚ್ಚಿದಳು. ಮೆತ್ತಗೆ ಕೇಳಿದಳು.

"ನಿಮಗೆ ಇದು ಆಮೇಲೆ ಗೊತ್ತಾದದ್ದಲ್ಲವಾ ಮಾಷ್ಟ್ರೇ? ತುಂಬ ವರ್ಷ ಆದ ಮೇಲೆ?"

ಹೌದು ಎಂದು ನಾನು ಹೇಳಬೇಕೆಂದು ಅವಳಿಗೂ ಇತ್ತು. ಅದು ಮುಖದಲ್ಲೇ ಕಾಣುತ್ತಿತ್ತು. ಅಂಥ ಮನಸ್ಸು ಅವಳದು — ನನಗೆ ತಪ್ಪಿಸಿಕೊಳ್ಳಲು ತಾನೇ ಬಾಗಿಲು ತೆರೆದುಕೊಟ್ಟಳು.

"ಅಲ್ಲ ಸುಮತಿ. ಅದೇ ಸಂಜೆ ಗೊತ್ತಾಯಿತು" ಎಂದೆ. ಗೊತ್ತಿದ್ದೂ ಅಪ್ಪನಿಗೆ ಸುಳ್ಳು ಹೇಳಿದ್ದನ್ನು ಹೇಳಿದೆ. ಸದಾನಂದ ಭಾನುವಾರ ಬಂದು ಕೇಳಿದ್ದನ್ನೂ ಹೇಳಿದೆ.

ಅವಳು ತಲೆ ಎತ್ತಿದಳು.

"ಅವರು ಬಂದಿದ್ರಾ?"

"ಬಂದಿದ್ದ."

"ಇಲ್ಲಿಗೆ? ನನ್ನ ವಿಷಯ ಕೇಳ್ಲಿಕ್ಕೆ?"

ಅಂಗಳದಲ್ಲಿ ಅವನು ಹೇಳಿದ ಮಾತನ್ನು ಇದ್ದ ಹಾಗೆ ಹೇಳಿದೆ. ಅವಳ ಕಣ್ಣು ತುಂಬಿತು. "ಒಂದು ಮಾತೂ ಕೇಳದೆ ಬಿಟ್ಟರು ಅಂತ ನಾನು..." ಎಂದಳು. ಇಷ್ಟು ವರ್ಷ ಅವಳನ್ನು ಕೊರೆದದ್ದು ದೋಷವಲ್ಲ, ಇದು. ನನಗೆ ಅದು ಹೊಳೆದೇ ಇರಲಿಲ್ಲ.

ಜಾತಕದ ಹಾಳೆಗಳನ್ನು ಅವಳು ಬ್ಯಾಗಿನಿಂದ ತೆಗೆಯಲೇ ಇಲ್ಲ. "ಇದು ಯಾರಿಗೂ ತೋರಿಸ್ಲಿಕ್ಕಿಲ್ಲ ಇನ್ನು. ಆ ಮಕ್ಕಳಿಗೆ ಮದುವೆ ಮಾಡಿಸ್ತೇನೆ" ಎಂದಳು. ಮೆಟ್ಟಿಲಿಳಿದು ನಿಂತಳು.

"ಅವತ್ತು ಬಂದಿದ್ದರಲ್ಲ, ಅವರಿಗೆ ಹೇಳಿದ್ದೀರಾ?"

"ಇಲ್ಲ."

"ಹೇಳಿ. ನನ್ನ ಹತ್ತಿರ ಕ್ಷಮೆ ಎಲ್ಲ ಕೇಳ್ಬೇಡಿ ಈಗ. ಮೊದಲು ಅವರಿಗೆ ಹೋಗಿ ಹೇಳಿ."

ಸದಾನಂದ ಪಣಂಬೂರಿನ ಆಚೆ ಮಗನ ಜೊತೆ ಇದ್ದಾನೆಂದು ವಿಚಾರಿಸಿ ತಿಳಿದುಕೊಂಡಿದ್ದೇನೆ. ಹೆಂಡತಿ, ಸೊಸೆ ಇರುವ ಮನೆ. ಅವನನ್ನು ಸ್ವಲ್ಪ ಹೊರಗೆ ಕರೆದು ಮಾತಾಡಬೇಕು. ಬೈದರೆ ಕೇಳಿಸಿಕೊಳ್ಳುತ್ತೇನೆ. ನೆನಪಿಲ್ಲ ಎಂದರೂ ಹೇಳಿಯೇ ಬರುತ್ತೇನೆ. ನಾಳೆ ಬೆಳಿಗ್ಗೆ ಹೊರಡುತ್ತೇನೆ. ಅವನು ಅಂಗಳದಲ್ಲಿ ನಿಂತು ಕೇಳಿದಾಗ ನನಗೆ ಎಲ್ಲ ಗೊತ್ತಿತ್ತು ಎಂಬುದನ್ನು, ಅವನು ಕೇಳದಿದ್ದರೂ, ಮೊದಲು ಹೇಳುತ್ತೇನೆ.