ಸೂರ್ಯಕಾಂತರ ಕಂಚಿನ ಯುಗ

ತೆಲುಗು ಸೀಮೆಯ ತಾರ್ನಾಕ ಬಡಾವಣೆಯ ಸೂರ್ಯಕಾಂತರು ನಿವೃತ್ತ ಇತಿಹಾಸ ಅಧ್ಯಾಪಕರು. ಮೂರು ಸಾವಿರ ವರ್ಷಗಳಿಗೂ ಹಿಂದೆ ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ರಾಜ್ಯಗಳು ಒಂದರ ಹಿಂದೊಂದು ಏಕೆ ಕುಸಿದವು ಎಂಬುದನ್ನು ಅವರು ಮದುವೆಗಳಲ್ಲಿ, ಮುಂಜಿಗಳಲ್ಲಿ, ಒಮ್ಮೆ ಹೆಣ ಎತ್ತುವ ಮುನ್ನವೂ ವಿವರಿಸಿದ್ದಾರೆ. ತಾಮ್ರ ಸೈಪ್ರಸ್‌ನಿಂದ ಬರಬೇಕು, ತವರ ಅಫ್ಘಾನಿಸ್ತಾನದಷ್ಟು ದೂರದಿಂದ. ಎರಡೂ ಕೂಡಿದರೆ ಕಂಚು. ಬರ ಬಿತ್ತು, ಭೂಮಿ ನಡುಗಿತು, ಹಡಗುಗಳಲ್ಲಿ ದಾಳಿಕಾರರು ಬಂದರು. ಒಂದು ರಾಜ್ಯ ಬಿದ್ದಿತು. ಅದನ್ನು ನೆಚ್ಚಿಕೊಂಡವೆಲ್ಲ ಬಿದ್ದವು.

ಈ ಜನವರಿಯಲ್ಲಿ ಅವರಿಗೆ ಬಡಾವಣೆಯ ಕನ್ನಡ ಸಂಘದ ಅಧ್ಯಕ್ಷರಾಗಬೇಕಿತ್ತು. ಎದುರಾಳಿ ಬ್ಯಾಂಕ್ ನೌಕರ ನಿತಿನ. ವಾರ್ಷಿಕ ಸಭೆಯಲ್ಲಿ ಮೊದಲು ಸೂರ್ಯಕಾಂತರ ಉಪನ್ಯಾಸ, ಆಮೇಲೆ ಊಟ, ಊಟವಾದ ಮೇಲೆ ಕೈ ಎತ್ತಿ ಆಯ್ಕೆ. ಸಂಘದ ಊಟಕ್ಕೆ ಅಡುಗೆಯವರನ್ನು ಕರೆಯುವ ರೂಢಿಯಿಲ್ಲ. ಒಂದು ಮನೆಯಿಂದ ಜೋಳದ ರೊಟ್ಟಿ, ಇನ್ನೊಂದರಿಂದ ಎಣ್ಣೆಗಾಯಿ, ಮತ್ತೊಂದರಿಂದ ಶೇಂಗಾ ಹಿಂಡಿ. ರೊಟ್ಟಿ ಬಹಳ ವರ್ಷಗಳಿಂದ ನಿತಿನರ ಹೆಂಡತಿ ಶೈಲಶ್ರೀ ಅವರ ಪಾಲು.

ಸಭೆಗೆ ಮುನ್ನ ಸಂಕ್ರಾಂತಿಯ ಅರಿಶಿನ ಕುಂಕುಮ ಬಂತು. ಹೆಂಡತಿ ಉಮಾಬಾಯಿ ನೆರೆಯವರನ್ನು ಕರೆಯಲು ಹೊರಟಾಗ ಸೂರ್ಯಕಾಂತರು ತಡೆದರು.

"ನಿತಿನನ ಮನಿಗೆ ಹೋಗಬ್ಯಾಡ. ವಿರೋಧಿ ಪಾರ್ಟಿ."

"ಅಲ್ರಿ, ಕುಂಕುಮಕ್ಕ ಎಂಥಾ ಪಾರ್ಟಿರೀ?"

"ನಿನಗ ರಾಜಕಾರಣ ತಿಳಿಯಂಗಿಲ್ಲ."

ತಮ್ಮೊಬ್ಬರನ್ನೇ ಬಿಟ್ಟದ್ದು ಶೈಲಶ್ರೀ ಅವರಿಗೆ ಸಂಜೆಯೊಳಗೆ ತಿಳಿಯಿತು. ಸಭೆಯ ದಿನ ರೊಟ್ಟಿ ಅವರ ಮನೆಯಲ್ಲೇ ಉಳಿಯಿತು. ರೊಟ್ಟಿಯಿಲ್ಲದ ಎಣ್ಣೆಗಾಯಿ ಯಾರು ತಿನ್ನುತ್ತಾರೆ ಎಂದು ಅದನ್ನು ಮಾಡಿದ್ದ ಶರಣಬಸಮ್ಮ ಪಾತ್ರೆ ಎತ್ತಿಕೊಂಡು ಅಲ್ಲಿಗೇ ನಡೆದರು. ಹಿಂಡಿ ಹಿಂಬಾಲಿಸಿತು. ಮೊಸರೂ ಹೋಯಿತು. ಸಭಾಂಗಣದಲ್ಲಿ ಸೂರ್ಯಕಾಂತರು ಕಂಚಿನ ಯುಗದ ಹಿಟ್ಟೈಟ್ ದೊರೆಗಳ ರಾಜಧಾನಿ ಪಾಳುಬೀಳುವ ಹಂತಕ್ಕೆ ಬರುವಷ್ಟರಲ್ಲಿ ಊಟ ಎಲ್ಲಿದೆ ಎಂಬ ಸುದ್ದಿ ಹಿಂದಿನ ಸಾಲಿಗೂ ಮುಟ್ಟಿತ್ತು.

"ಮುಂದಿಂದು ಗೊತ್ತಾತ್ರಿ ಸರ, ಎಲ್ಲಾ ಹಾಳಾತು," ಎಂದು ಆ ಸಾಲಿನ ಚನ್ನಬಸಪ್ಪ ಚಪ್ಪಲಿ ಮೆಟ್ಟಿದರು.

ಕೊನೆಗೆ ಉಳಿದವನು ಮೈಕಿನವನು. ಅವನಿಗೆ ತೆಲುಗು ಬಿಟ್ಟರೆ ಬೇರೆ ಭಾಷೆ ಬರುತ್ತಿರಲಿಲ್ಲ. ಅವನಿಗೂ ಐದು ನಿಮಿಷ ವಿವರಿಸಿದರು.

ಸೂರ್ಯಕಾಂತರು ನಿತಿನರ ಮನೆ ಮುಟ್ಟಿದಾಗ ಪಂಕ್ತಿ ಕೂತಿತ್ತು.

"ಬರ್ರಿ ಸರ, ಕೂಡ್ರಿ," ಶೈಲಶ್ರೀ ರೊಟ್ಟಿ ಬಡಿಸಿದರು. "ನಮ್ಮ ಮನ್ಯಾಗ ಎಲ್ಲಾರನ್ನೂ ಕರೀತೀವ್ರಿ."

ಹೇಗೂ ಎಲ್ಲರೂ ಇಲ್ಲೇ ಇದ್ದಾರೆ, ಚುನಾವಣೆಯನ್ನೂ ಮುಗಿಸಿಬಿಡೋಣ ಎಂದರು ಯಾರೋ. ನಿತಿನರ ಪರ ಕೈಗಳೆದ್ದವು, ಎಣ್ಣೆ ಹತ್ತಿದ ಕೈಗಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಉಮಾಬಾಯಿ ಸೆರಗಿಗೆ ಕೈ ಒರೆಸಿಕೊಂಡು, ಗಂಡನ ಕಡೆ ನೋಡದೆ, ತಮ್ಮದನ್ನೂ ಎತ್ತಿದರು.